ನಲವತ್ಮೂರು ಸಾಲುಗಳ ಭಾನುವಾರ

ನಾನು ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ಬರುವ ಭಾನುವಾರ ದೀಪ ಹಚ್ಚುವ ಹೊತ್ತಿಗೆ ನನ್ನ ಚಪ್ಪಲಿ ಕಾಲಲ್ಲಿದ್ದ ಹಾಗೇ ಮಾಯವಾಗಲಿ. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ. ದೇವರ ಮೇಲೆ ಆಣೆ ಇಡುವವರೂ ಇದ್ದಾರೆ, ಆದರೆ ದೇವರು ಎಲ್ಲಿಯಾದರೂ ಸಿಗುತ್ತಾನೆ, ಹನ್ನೊಂದನೇ ನಂಬರಿನ ಚಪ್ಪಲಿ ಸಿಗುವುದಿಲ್ಲ. ನೀವು ವರ್ಗವಾಗಿ ಬಂದು ಎರಡೇ ವಾರವಾಯಿತೆಂದಿರಿ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ತಂದ ಗಂಟು ಪಕ್ಕಕ್ಕಿಟ್ಟು ಕೂತುಕೊಳ್ಳಿ.

ಊರಿನ ಪದ್ಧತಿ ನಿಮಗೆ ಅರ್ಧ ಗೊತ್ತಾಗಿರಬೇಕು. ಶುಕ್ರವಾರ ದೀಪ ಹಚ್ಚಿದಾಗಿನಿಂದ ಭಾನುವಾರ ದೀಪ ಹಚ್ಚುವ ತನಕ ಬಳಕೆಗೆ ಬಾರದ ವಸ್ತು ಆಮೇಲೆ ಇರುವುದಿಲ್ಲ. ಎಲ್ಲಿ ಹೋಗುತ್ತದೆ ಎಂದು ಕೇಳಬೇಡಿ, ನಾವೂ ಕೇಳಿಲ್ಲ. ಅದಕ್ಕೇ ಶನಿವಾರ ಬೆಳಿಗ್ಗೆ ಇಲ್ಲಿನ ವಕೀಲರು ಕರಿಕೋಟು ತೊಟ್ಟು ಬದನೆಕಾಯಿ ತರಲು ಹೋಗುತ್ತಾರೆ. ಪ್ರತಿ ಮನೆಯಲ್ಲೂ ಎರಡನೇ ಲಟ್ಟಣಿಗೆ ಹೊರಬಂದು ಒಂದಾದರೂ ಚಪಾತಿ ಲಟ್ಟಿಸುತ್ತದೆ. ಹಲ್ಲಿನ ಡಾಕ್ಟರು ಇಕ್ಕಳ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರಾದ್ದರಿಂದ ಆ ಬೀದಿಯಲ್ಲಿ ಜನ ಬಾಯಿ ಮುಚ್ಚಿಕೊಂಡೇ ಓಡಾಡುತ್ತಾರೆ. ಬಳಕೆ ಎಂದರೆ ನಿಜವಾದ ಬಳಕೆ, ನಾಟಕ ನಡೆಯುವುದಿಲ್ಲ. ಕರಿಬಸಪ್ಪ ಒಮ್ಮೆ ಪಡಸಾಲೆಯಲ್ಲೇ ಕೊಡೆ ಬಿಚ್ಚಿ ಎರಡು ಸುತ್ತು ಹಾಕಿ ಮಡಚಿಟ್ಟ. ಕೊಡೆ ಹೋಯಿತು. ಅದನ್ನು ತೂಗುಹಾಕಿದ್ದ ಮೊಳೆಯೂ ಹೋಯಿತು, ಅದಕ್ಕೆ ಇನ್ನೇನು ಕೆಲಸವಿತ್ತು?

ನನ್ನ ಕಸುಬು ಇಲ್ಲಿಂದಲೇ ಹುಟ್ಟಿದ್ದು. ಊರು ಬಿಟ್ಟು ಹೋಗುವವರು ಮನೆಯ ಕೀಲಿಕೈ ನನಗೆ ಕೊಟ್ಟು ಹೋಗುತ್ತಾರೆ, ವಾರದ ಕೊನೆಯಲ್ಲಿ ಅವರ ಸಾಮಾನನ್ನು ನಾನು ಬಳಸುತ್ತೇನೆ. ಹಗುರವಾದ ಕೆಲಸವೆಂದುಕೊಳ್ಳಬೇಡಿ. ಒಬ್ಬರ ತಾಮ್ರದ ಚರಿಗೆ ಉಳಿಸಬೇಕೆಂದರೆ ನನಗೆ ನಿಜವಾಗಿ ಬಾಯಾರಬೇಕು, ಶುಕ್ರವಾರದಿಂದಲೇ ಖಾರದ ಚುರುಮುರಿ ತಿನ್ನುತ್ತಾ ಬರಬೇಕು. ನಾಲ್ಕು ಮಂಚವಿದ್ದ ಮನೆಯಲ್ಲಿ ನಾಲ್ಕು ಸಲ ನಿದ್ದೆ ಬರಬೇಕು. ಒಬ್ಬ ಮೇಷ್ಟ್ರ ಕೈಬಡಿಗೆ ಉಳಿಸಲು ನಾನು ಇಡೀ ಶನಿವಾರ ಕುಂಟಿದ್ದೇನೆ, ನಿಜವಾಗಿ ಕುಂಟಲು ಮೊದಲು ಏನು ಮಾಡಿಕೊಂಡೆನೆಂದು ಹೇಳಿದರೆ ನಿಮಗೆ ಊಟ ಸೇರುವುದಿಲ್ಲ.

ಮೂರು ವರ್ಷದ ಕೆಳಗೆ ಒಂದು ಶುಕ್ರವಾರ ಮಧ್ಯಾಹ್ನ ಬಸ್ಸಿನಿಂದ ಒಂಬತ್ತು ಜನ ಇಳಿದರು. ಆರು ಗಂಡಸರು, ಮೂವರು ಹೆಂಗಸರು, ಒಬ್ಬೊಬ್ಬರ ಬೆನ್ನಿಗೆ ಒಂದೊಂದು ಪುಟ್ಟ ಚೀಲ. ಒಂದೊಂದೇ ತಟ್ಟೆ, ಒಂದೊಂದೇ ಬಟ್ಟೆಜೊತೆ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕೊಯ್ದುಕೊಂಡು ಬಂದಿದ್ದರು. ಮನೆಯಲ್ಲೂ ನಾಕೇ ಅಂಗಿ ಇಟ್ಟುಕೊಂಡು ಬದುಕುತ್ತೇವೆ ಎಂದು ಸಂಕೋಚದಿಂದ ಹೇಳಿಕೊಂಡರು. ನಮ್ಮೂರಲ್ಲಿ ನಾಕು ಅಂಗಿಯಿದ್ದವನು ಸಾಹುಕಾರ, ಆದರೆ ಅತಿಥಿಗಳ ಮುಖ ಸಣ್ಣದು ಮಾಡಬಾರದೆಂದು ಯಾರೂ ಬಾಯಿಬಿಡಲಿಲ್ಲ. ಖಾನಾವಳಿಯ ಗೌರಕ್ಕ ಮಾತ್ರ ರೊಟ್ಟಿ ಹಾಕುತ್ತಾ ಮಕ್ಕಳ ಬೆನ್ನು ತಟ್ಟುವಂತೆ, ಶ್ಯಾಣ್ಯಾ ಅದೀರಿ, ನಡೀರಿ, ಹಿಂಗ ಮಾಡ್ಕೋತ ಹೋದ್ರ ಕಲೀತೀರಿ, ಅಂದಳು.

ಅವರು ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವವರು. ಸಂಬಳಕ್ಕೆ ಬರೆಯುವುದು ಬೇರೆ, ಅದು ಸೋಮವಾರದಿಂದ ಶುಕ್ರವಾರ. ಇದು ಅವರು ಹತ್ತೊಂಬತ್ತು ವರ್ಷದಿಂದ ಬಿಡುವಿನಲ್ಲಿ ಬರೆದು ಜಗತ್ತಿಗೆಲ್ಲ ಪುಕ್ಕಟೆ ಕೊಟ್ಟದ್ದು. ಹೆಸರು ಕಡ್ಡಿ. ಕಂಪ್ಯೂಟರಿನಲ್ಲಿ ಕಾಗದ ಪತ್ರ ಬರೆಯಲು ಬೇಕಾಗುವ ಸಣ್ಣ ಪ್ರೋಗ್ರಾಮು. ಅದರ ಹೊಟ್ಟೆಯಲ್ಲಿರುವ ಸಾಲುಗಳನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು, ತಿದ್ದಬಹುದು. ಬೇರೆಯವರ ಪ್ರೋಗ್ರಾಮುಗಳು ವರ್ಷವರ್ಷ ಬೊಜ್ಜು ಬೆಳೆಸಿದರೆ ಇವರದು ಸಣ್ಣಗಾಗಬೇಕು, ಅದು ಅವರ ವ್ರತ. ಪರಿಚಯ ಮಾಡಿಕೊಳ್ಳುವಾಗಲೂ ಊರು ಕೆಲಸ ಹೇಳಲಿಲ್ಲ. ಈ ವರ್ಷ ಮುನ್ನೂರು ಸಾಲು ತೆಗೆದೆ ಎಂದೊಬ್ಬರು, ಇನ್ನೂರಾ ಹತ್ತು ಎಂದಿನ್ನೊಬ್ಬರು ಎದ್ದು ನಿಂತು ಹೇಳುತ್ತಿದ್ದರು, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಬರೆದದ್ದನ್ನು ಅಳಿಸಿದ್ದಕ್ಕೆ ಚಪ್ಪಾಳೆ ಬೀಳುವುದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು.

ನಮ್ಮೂರಿಗೆ ಅವರು ಯಾಕೆ ಬಂದರೆಂದು ನಿಮಗೆ ಹೊಳೆದಿರಬೇಕು. ಕಡ್ಡಿಯಲ್ಲಿ ಆಗ ಎಂಟು ಸಾವಿರದ ಚಿಲ್ಲರೆ ಸಾಲುಗಳಿದ್ದವು. ಯಾವುದು ಬೇಕು, ಯಾವುದು ಬೇಡ ಎಂದು ನಾಲ್ಕು ವರ್ಷದಿಂದ ಜಗಳ. ಎಲ್ಲರಿಗೂ ತಾನು ಬರೆದ ಸಾಲು ಬೇಕು, ಮಿಕ್ಕವರದು ಬೇಡ. ಆ ಊರಿಗೆ ಹೋಗೋಣ, ಊರೇ ತೀರ್ಮಾನ ಮಾಡಲಿ, ಭಾನುವಾರ ಸಂಜೆ ಉಳಿದದ್ದೇ ಕಡ್ಡಿ, ಹೊರಗಿರುವ ಹಳೆಯ ಪ್ರತಿಯಿಂದ ಯಾರೂ ಒಂದು ಸಾಲನ್ನೂ ಮರಳಿ ತರುವಂತಿಲ್ಲ ಎಂದು ಒಂಬತ್ತೂ ಜನ ಮಾತು ಕೊಟ್ಟುಕೊಂಡು ಬಂದಿದ್ದರು. ತಾವೇ ಬಳಸಿದರೆ ಪಕ್ಷಪಾತವಾಗುತ್ತದೆಂದು ಮೂರನೆಯವನೊಬ್ಬ ಬೇಕಾಗಿತ್ತು. ಊರಲ್ಲಿ ಬಳಸುವ ಕಸುಬಿನವನೇ ಒಬ್ಬನಿದ್ದಾನೆಂದು ಗೌರಕ್ಕ ನನ್ನನ್ನು ತೋರಿಸಿದಳು. ಅವರಲ್ಲಿ ಹಿರಿಯ ಧನಂಜಯ ಎಂಬಾತ, ಕಡ್ಡಿಯ ಹಾಗೆಯೇ ಇದ್ದ ಮನುಷ್ಯ, ನನ್ನ ಎರಡೂ ಕೈ ಹಿಡಿದುಕೊಂಡ. ಹತ್ತೊಂಬತ್ತು ವರ್ಷದಲ್ಲಿ ಬಳಕೆದಾರ ಎಂಬವನನ್ನು ಮುಖತಃ ಕಂಡದ್ದು ಅದೇ ಮೊದಲಂತೆ.

ಶುಕ್ರವಾರ ದೀಪ ಹಚ್ಚುವ ಮೊದಲೇ ನೇಕಾರರ ಸಂಘದ ಹಳೆಯ ಹಾಲ್‌ನಲ್ಲಿ, ಬಸ್ಸಿನ ಮೇಲೆ ಹಾಕಿಕೊಂಡು ತಂದಿದ್ದ ಒಂದು ಕಂಪ್ಯೂಟರು ಹೂಡಿದರು. ಒಂದು ಪರದೆಯ ಮೇಲೆ ನಾನು ಬರೆಯುವುದು, ಪಕ್ಕದ ಪರದೆಯ ಮೇಲೆ ಕಡ್ಡಿಯ ಹೊಟ್ಟೆಯೊಳಗಿನ ಸಾಲುಗಳು. ನಾನು ಅಕ್ಕನಿಗೆ ಕಾಗದ ಬರೆದೆ. ನಿಜವಾದ ಕಾಗದ, ಅದರಲ್ಲಿ ಅವಳ ಗಂಡನನ್ನು ಬೈದಿದ್ದೆ, ಆಮೇಲೆ ಆ ಸಾಲನ್ನು ಅಳಿಸಿದೆ, ಆಮೇಲೆ ಮತ್ತೆ ಬರೆದೆ. ನಲ್ಲಿ ನೀರಿನ ಬಗ್ಗೆ ಪುರಸಭೆಗೆ ಅರ್ಜಿ ಬರೆದೆ. ಬಳಸಿದ ಸಾಲುಗಳು ಕಪ್ಪಗೆ ಉಳಿದವು. ಬಳಸದವು ಶನಿವಾರ ಮಧ್ಯಾಹ್ನದಿಂದಲೇ ಮಾಸತೊಡಗಿದವು, ಒರೆಸಿದ ನೆಲದ ಮೇಲಿನ ಒದ್ದೆ ಹೆಜ್ಜೆ ಆರುವಂತೆ. ಅಕ್ಷರಕ್ಕೆ ಬಣ್ಣ ಹಚ್ಚುವ ಭಾಗ ತೆಳ್ಳಗಾಯಿತು, ಒಂಬತ್ತು ಜನ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಸಾಲುಗಳನ್ನು ಅಕಾರಾದಿಯಲ್ಲಿ ಜೋಡಿಸುವ ಭಾಗ ತೆಳ್ಳಗಾಗತೊಡಗಿದಾಗ ಮಾತ್ರ ಧನಂಜಯ ಚಪ್ಪಾಳೆ ತಟ್ಟುವುದು ಬಿಟ್ಟು ಪರದೆಯ ಗಾಜಿನ ಮೇಲೆ ಒಂದು ಬೆರಳಿಟ್ಟುಕೊಂಡು ನಿಂತ. ಅದು ಅವನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಬರೆದದ್ದಂತೆ. ನಾನು ಬೇಕಾದರೆ ಕಿರಾಣಿ ಚೀಟಿ ಜೋಡಿಸಲೇ ಎಂದು ಕೇಳಿದೆ. ನಿಮಗೆ ಅದು ನಿಜವಾಗಿ ಬೇಕೇ ಎಂದ. ಇಲ್ಲ ಎಂದೆ. ಹಾಗಾದರೆ ಬೇಡ ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಭಾನುವಾರ ಮಧ್ಯಾಹ್ನದ ಊಟಕ್ಕೆ ಖಾನಾವಳಿಯಲ್ಲಿ ನನ್ನ ಎದುರು ವಿಶಾಲಾಕ್ಷಿ ಎಂಬಾಕೆ ಬಂದು ಕೂತಳು. ನಲವತ್ತರ ಹೆಂಗಸು, ಜುಟ್ಟಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಕಡ್ಡಿಯಲ್ಲಿ ನಲವತ್ಮೂರು ಸಾಲು ನನ್ನದಿದೆ ಸಾರ್ ಎಂದು ಶುರುಮಾಡಿದಳು. ಅದನ್ನು ಅವಳು ಒಬ್ಬನೇ ಒಬ್ಬ ಮನುಷ್ಯನಿಗಾಗಿ ಬರೆದಿದ್ದಳು. ಹೆಸರು ಸದಾನಂದ, ದೂರದ ಯಾವುದೋ ಊರು, ಅವಳು ಅವನ ಮುಖ ನೋಡಿಲ್ಲ. ಕುತ್ತಿಗೆಯಿಂದ ಕೆಳಗೆ ಅವನದು ಒಂದು ಬೆರಳು ಬಿಟ್ಟು ಯಾವುದೂ ಆಡುವುದಿಲ್ಲ. ಆ ನಲವತ್ಮೂರು ಸಾಲು ಪರದೆಯ ಮೇಲೆ ಅಕ್ಷರಗಳನ್ನು ಒಂದೊಂದಾಗಿ ಮೆರವಣಿಗೆ ಹೊರಡಿಸುತ್ತವೆ, ಬೇಕಾದ ಅಕ್ಷರ ಬಂದಾಗ ಆ ಒಂದು ಬೆರಳಿನಿಂದ ಒಂದು ಗುಂಡಿ ಒತ್ತಿದರೆ ಅದು ಬರಹಕ್ಕೆ ಸೇರುತ್ತದೆ. ಒಂಬತ್ತು ವರ್ಷದ ಹಿಂದೆ ಅವನಿಂದ ಮೊದಲ ಪತ್ರ ಬಂತಂತೆ: ಉಪಕಾರವಾಯಿತು, ಇನ್ನೂ ಸ್ವಲ್ಪ ನಿಧಾನ ಮಾಡಿ. ಅಷ್ಟು ಬರೆಯಲು ನಾಲ್ಕು ದಿನ ಹಿಡಿದಿತ್ತು. ಅವಳು ಮೆರವಣಿಗೆಯನ್ನು ನಿಧಾನ ಮಾಡಿದಳು. ಆಮೇಲೆ ವರ್ಷಕ್ಕೊಂದು ಪತ್ರ ಬರುತ್ತಿತ್ತು. ಈಗ ಹದಿನಾಲ್ಕು ತಿಂಗಳಿನಿಂದ ಇಲ್ಲ.

ಧನಂಜಯನ ವಾದವೂ ಕೆಟ್ಟದಾಗಿರಲಿಲ್ಲ, ಅದನ್ನೂ ಅವಳೇ ಹೇಳಿದಳು. ಆ ನಲವತ್ಮೂರು ಸಾಲು ವರ್ಷಕ್ಕೊಮ್ಮೆ ಕೆಡುತ್ತಿತ್ತು, ಆರು ವರ್ಷದಿಂದ ರಜೆಯ ದಿನ ಕೂತು ರಿಪೇರಿ ಮಾಡುತ್ತಿದ್ದವನು ಅವನೇ. ಅವನ ಮಗಳು ಪ್ರತಿ ವರ್ಷ, ಅಪ್ಪ ಇವತ್ತೂ ಆ ಮಾಮನ ಸಾಲು ನೋಡ್ತಿದೀಯಾ, ಎನ್ನುತ್ತಿದ್ದಳಂತೆ. ಆ ಮನುಷ್ಯ ಹೋಗಿರಬಹುದು ವಿಶಾಲಾ, ಎಂದು ಅವನು ಹೇಳಿದ್ದ. ಅವಳು ನನ್ನ ಮುಂದೆ ಅನ್ನ ಕಲಸುತ್ತಾ, "ಒಂದು ಸಾಲಿಗೆ ನಾಲ್ಕು ದಿನ ತಗೊಳ್ಳೋ ಮನುಷ್ಯ ಸಾರ್. ದೊಡ್ಡ ಪತ್ರ ಬರೀತಿರಬಹುದಲ್ಲ?" ಎಂದಳು.

ಹಾಗಾದರೆ ಊರಿನ ಕೈಗೆ ಯಾಕೆ ಕೊಟ್ಟಿರಿ ಎಂದು ಕೇಳಿದೆ. ಒಂದು ಊರೆಂದಮೇಲೆ ಅಂಥವರೊಬ್ಬರು ಇದ್ದೇ ಇರುತ್ತಾರೆ, ಅವರ ಕೈಗೆ ಇದು ಸಿಕ್ಕರೆ ಉಳಿಯುತ್ತದೆ ಎಂದುಕೊಂಡಿದ್ದೆ ಎಂದಳು. ನಾನಂತೂ ಹತ್ತು ಬೆರಳಿನವನು. ಅವಳ ಸಲುವಾಗಿ ಒಂಬತ್ತು ಬೆರಳಿಗೆ ಬಟ್ಟೆ ಸುತ್ತಿಕೊಂಡು ಅರ್ಧ ತಾಸು ಕೂತೂ ನೋಡಿದೆ. ಸಾಲುಗಳು ಇನ್ನಷ್ಟು ಮಾಸಿದವೇ ಹೊರತು ಮೋಸಹೋಗಲಿಲ್ಲ. ಈ ಊರಲ್ಲಿ ಯಾರಾದರೂ ನಿಮಗೆ ಗೊತ್ತೇ ಸಾರ್ ಎಂದು ಅವಳು ಕೇಳಿದಳು. ಯಾರೂ ಇಲ್ಲರೀ ಎಂದೆ. ಎಂದೆ ನೋಡಿ, ಅದನ್ನೂ ಹೇಳುತ್ತಿದ್ದೇನೆ.

ಒಬ್ಬನಿದ್ದ. ಟೇಲರ್ ಮುರಿಗೆಪ್ಪ. ಈ ಒಂಬತ್ತು ಜನ ಬರುವುದರ ಹಿಂದಿನ ವರ್ಷ ಲಕ್ವ ಹೊಡೆದು ಅವನನ್ನು ಪರವೂರಿನ ಆಸ್ಪತ್ರೆಗೆ ಒಯ್ದರು. ಹೆಂಡತಿ ನಿಂಬೆವ್ವ ಹೋಗುವಾಗ ಅಂಗಡಿಯ ಕೀಲಿಕೈ ನನ್ನ ಕೈಗೆ ಕೊಟ್ಟು, ಮಷಿನ್ ನೋಡಿಕೋ ತಿಪ್ಪಣ್ಣ, ಅದು ಅವರ ಅಪ್ಪನ ಕಾಲದ್ದು, ಎಂದಿದ್ದಳು. ಏಳು ವಾರ ನಾನು ನೆಟ್ಟಗೆ ಹೋಗಿ ಹರಿದದ್ದೊಂದು ಹೊಲಿದು ಬಂದೆ. ಎಂಟನೇ ಭಾನುವಾರ ಎರಡು ಓಣಿ ಆಚೆ ಒಂದು ತೊಟ್ಟಿಲು ಕಾರ್ಯಕ್ರಮ. ಹೋಳಿಗೆಗೆ ತುಪ್ಪ ಕೇಳಿ ಕೇಳಿ ಹಾಕಿದರು. ಅಲ್ಲೇ ಗೋಡೆಗೆ ಒರಗಿದವನು ಎದ್ದಾಗ ಊರಲ್ಲೆಲ್ಲ ದೀಪ ಹತ್ತಿದ್ದವು. ಅಂಗಡಿಯಲ್ಲಿ ಮಷಿನ್ನಿನ ನಾಲ್ಕು ಕಾಲಿನ ಗುರುತು ಮಾತ್ರ ನೆಲದ ಮೇಲಿತ್ತು.

ಅವರು ತಿರುಗಿ ಬಂದಾಗ ನಾನು ಹೇಳಿದ್ದು, ಹೊಲಿದೆನಕ್ಕಾ, ತಲೆದಿಂಬಿನ ಚೀಲ ಹೊಲಿದೆ, ಮಷಿನ್ನಿಗೆ ನನ್ನ ಹೊಲಿಗೆ ನಾಟಕ ಅನ್ನಿಸಿತು, ಎಂದು. ನಮ್ಮೂರಲ್ಲಿ ಈ ಮಾತನ್ನು ಸುಳ್ಳೆಂದು ಸಾಬೀತು ಮಾಡಲು ಬರುವುದಿಲ್ಲ. ನಿಂಬೆವ್ವ ನಂಬಿದಳು. ಮುರಿಗೆಪ್ಪನ ಮಾತು ಹೋಗಿತ್ತು, ಎಡಗೈಯ ತೋರುಬೆರಳೊಂದು ಆಡುತ್ತಿತ್ತು. ಅವನು ನನ್ನನ್ನು ನೋಡಿದ. ನೋಡುವುದನ್ನು ನಿಲ್ಲಿಸಲಿಲ್ಲ. ಅಂದಿನಿಂದ ನಾನು ಆ ಓಣಿ ಬಿಟ್ಟು ಕುಂಬಾರ ಓಣಿ ಸುತ್ತಿ ಓಡಾಡುತ್ತಿದ್ದೆ. ಈಗ ನೀವೇ ಹೇಳಿ, ಆ ಮನುಷ್ಯನ ಬೆರಳಿನ ಕೆಳಗೆ ಮಾತಾಡುವ ಗುಂಡಿಯನ್ನು ನಾನೇ ಹೊತ್ತುಕೊಂಡು ಹೋಗಿ ಇಡಬೇಕೇ? ಊರಲ್ಲಿ ಈ ಕಸುಬು ನಡೆಯುವುದು ನಂಬಿಕೆಯ ಮೇಲೆ. ತಿಪ್ಪಣ್ಣ ಮಲಗಿಬಿಟ್ಟ ಎಂದು ಗೊತ್ತಾದರೆ ನನ್ನ ಕೈಗೆ ಯಾರೂ ಒಂದು ಸೌಟನ್ನೂ ಕೊಡುವುದಿಲ್ಲ.

ಭಾನುವಾರ ನಾಲ್ಕು ಗಂಟೆಗೆ ಕಡ್ಡಿ ಆರೂವರೆ ಸಾವಿರಕ್ಕೆ ಇಳಿಯುವುದರಲ್ಲಿತ್ತು. ಹಾಲ್‌ನಲ್ಲಿ ಎಲ್ಲರೂ ಖುಷಿಯಾಗಿದ್ದರು, ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು. ವಿಶಾಲಾಕ್ಷಿ ಮೂಲೆಯಲ್ಲಿ ಕೂತು ಮಾಸುತ್ತಿದ್ದ ನಲವತ್ಮೂರು ಸಾಲನ್ನು ಜುಟ್ಟಿನ ಪೆನ್ಸಿಲ್ ತೆಗೆದು ಕಾಗದದ ಮೇಲೆ ನಕಲು ಮಾಡುತ್ತಿದ್ದಳು. ಹನ್ನೆರಡನೇ ಸಾಲಿಗೆ ನಿಲ್ಲಿಸಿದಳು. ಮಾತು ಕೊಟ್ಟದ್ದು ನೆನಪಾಗಿರಬೇಕು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಹರಿದು, ಚೂರುಗಳನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು. ಬಿಸಾಡಲೂ ಮನಸ್ಸಿಲ್ಲ. ನನ್ನನ್ನು ಅವಳು ಮತ್ತೊಮ್ಮೆ ಕೇಳಲಿಲ್ಲ. ಕೇಳಿದ್ದರೆ ಮತ್ತೊಮ್ಮೆ ಇಲ್ಲವೆನ್ನುವುದು ಸುಲಭವಿತ್ತು. ಕೇಳದೆ ಕೂತದ್ದೇ ತೊಂದರೆಯಾಯಿತು.

ನಾನೆದ್ದು, ಈ ಪೆಟ್ಟಿಗಿ ಎತ್ತಿಕೊಳ್ರಿ, ನನ್ನ ಬೆನ್ನ ಹತ್ತಿ ಬರ್ರಿ, ಹೊತ್ತಿಲ್ಲ, ಎಂದೆ.

ಇಬ್ಬರು ಒಂದೊಂದು ಪರದೆ ಹೊತ್ತರು, ಇನ್ನೊಬ್ಬಳು ಪೆಟ್ಟಿಗೆ, ಮತ್ತೊಬ್ಬ ವಯರುಗಳನ್ನು ಜನಿವಾರದ ಹಾಗೆ ಹಾಕಿಕೊಂಡ. ಒಂಬತ್ತು ಜನ ನನ್ನ ಹಿಂದೆ ಓಡೋಡಿ ಬಂದರು. ಜನ ಕಿಟಕಿಯಲ್ಲಿ ಇಣುಕಿ, ಈ ವಾರ ಯಾರದ್ದೋ ದೊಡ್ಡ ಸಾಮಾನು ಬಳಕೆಯಾಗಲಿಲ್ಲ ಅಂತ ಕಾಣುತ್ತದೆ ಎಂದುಕೊಂಡರು. ನಿಂಬೆವ್ವ ಬಾಗಿಲಲ್ಲಿ ಕಾಳು ಹಸನು ಮಾಡುತ್ತಿದ್ದಳು. ಮೊರದಿಂದ ತಲೆಯೆತ್ತದೆ, "ದಾರಿ ತಪ್ಪಿ ಬಂದಿಯೇನು ತಿಪ್ಪಣ್ಣ? ಕುಂಬಾರ ಓಣಿ ಆ ಕಡೆ ಐತಿ" ಎಂದಳು. ನನ್ನ ಸುತ್ತುದಾರಿ ಗುಟ್ಟೆಂದುಕೊಂಡಿದ್ದವನು ನಾನೊಬ್ಬನೇ ಎಂದು ಗೊತ್ತಾಯಿತು.

ಮುರಿಗೆಪ್ಪ ಕಿಟಕಿಯ ಬಳಿ ಕುರ್ಚಿಯಲ್ಲಿದ್ದ. ಗಡ್ಡ ನುಣ್ಣಗೆ ಬೋಳಿಸಿದ್ದಳು ನಿಂಬೆವ್ವ. ಅವನು ನನ್ನನ್ನು ನೋಡಿದ, ಹಿಂದೆ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ. ವಿಶಾಲಾಕ್ಷಿ ಅವನ ಮುಂದೆ ಮಂಡಿಯೂರಿ, ಅಣ್ಣಾ, ಇಲ್ಲಿ ಅಕ್ಷರ ಹೋಗುತ್ತಿರುತ್ತವೆ, ನಿಮಗೆ ಬೇಕಾದ್ದು ಬಂದಾಗ ಒತ್ತಿ, ತಪ್ಪಿದರೆ ಗಾಬರಿ ಬೇಡ, ಮತ್ತೊಂದು ಸುತ್ತು ಬರುತ್ತದೆ ಎಂದು ಹೇಳಿಕೊಟ್ಟಳು. ಗುಂಡಿಯನ್ನು ಅವನ ತೋರುಬೆರಳಿನ ಕೆಳಗಿಟ್ಟಳು. ಅ ಬಂತು, ಆ ಬಂತು, ಇ, ಈ. ಮೊದಲ ಸುತ್ತು ಪೂರ್ತಿ ಅವನು ಬರೀ ನೋಡಿದ, ಬಟ್ಟೆಯ ಅಂಗಡಿಯಲ್ಲಿ ಥಾನು ಬಿಚ್ಚಿಸಿ ನೋಡುವ ಹಾಗೆ. ನಮ್ಮ ಅಕ್ಷರಮಾಲೆ ಎಷ್ಟು ಉದ್ದ ಎಂದು ಆವತ್ತೇ ನನಗೆ ತಿಳಿದದ್ದು. ಹೊರಗೆ ಬಿಸಿಲು ಎದುರು ಮನೆಯ ಮಾಳಿಗೆ ಹತ್ತಿತ್ತು. ಪಕ್ಕದ ಪರದೆಯಲ್ಲಿ ಆ ಸಾಲುಗಳು ಕಣ್ಣು ಕಿರಿದು ಮಾಡಿದರೆ ಕಾಣುವಷ್ಟೇ ಇದ್ದವು. ಎರಡನೇ ಸುತ್ತಿನಲ್ಲಿ ಬೆರಳು ಆಡಿತು. ಉ. ಮೂರನೇ ಸುತ್ತು, ನಾಲ್ಕನೇ ಸುತ್ತು. ಆಮೇಲೆ ನನಗೆ ಲೆಕ್ಕ ತಪ್ಪಿತು. ಪರದೆಯ ಮೇಲೆ ನಿಂತದ್ದು ಇಷ್ಟು: ಉಪ್ಪಿಲ್ಲ.

ನಿಂಬೆವ್ವ ಮೊರ ಹಿಡಿದೇ ಒಳಗೆ ಬಂದಿದ್ದವಳು ಅದನ್ನು ಎರಡು ಸಲ ಓದಿದಳು. "ಡಾಕ್ಟರು ಬ್ಯಾಡ ಅಂದಾರ. ಅವ್ರು ಅಂದಿದ್ದಕ್ಕ ಹಾಕಿಲ್ಲ. ಇಷ್ಟು ದಿನ ಇದನ್ನ ಇಟ್ಕೊಂಡು ಕುಂತಿದ್ರೇನು ನೀವು?" ಎಂದಳು. ಅವಳು ಒಳಗೆ ಹೋಗಿ ಚಿಟಿಕೆ ಉಪ್ಪು ತಂದು ಅವನ ನಾಲಿಗೆಯ ಮೇಲಿಟ್ಟಳು. ಅವನು ಕಣ್ಣು ಮುಚ್ಚಿದ. ನಾನು ಪಕ್ಕದ ಪರದೆ ನೋಡಿದೆ. ನಲವತ್ಮೂರೂ ಸಾಲು ಈಗಷ್ಟೇ ಬರೆದಂತೆ ಕಪ್ಪಗೆ ನಿಂತಿದ್ದವು. ವಿಶಾಲಾಕ್ಷಿ ಅದನ್ನು ನೋಡಲೇ ಇಲ್ಲ, ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು.

ಕೆಲಸವಾಯಿತಲ್ಲ, ಸಾಲು ಉಳಿದವು, ನಿಮ್ಮ ಬಸ್ಸಿನ ಹೊತ್ತಾಯಿತು, ಎತ್ತಿರಿ ಪೆಟ್ಟಿಗೆ ಎಂದು ನಾನು ವಯರಿಗೆ ಕೈಹಾಕಿದೆ. ಆಗ ಧನಂಜಯ, ಆ ಸಾಲುಗಳನ್ನು ಆರು ವರ್ಷದಿಂದ ಶಪಿಸುತ್ತಿದ್ದ ಮನುಷ್ಯ, ನನ್ನ ಮಣಿಕಟ್ಟು ಹಿಡಿದುಕೊಂಡ. "ಇರಿ. ಅವರದ್ದಿನ್ನೂ ಮುಗಿದಿಲ್ಲ."

ಮುರಿಗೆಪ್ಪ ಕಣ್ಣು ತೆರೆದಿದ್ದ, ನನ್ನ ಕಡೆಗೆ. ಅಕ್ಷರಗಳು ಮತ್ತೆ ಹೊರಟವು. ನೀವು ಎಂದಾದರೂ ನಿಮ್ಮ ಹೆಸರು ಒಂದೊಂದೇ ಅಕ್ಷರವಾಗಿ ಬರುವುದನ್ನು ನಿಂತು ನೋಡಿದ್ದೀರಾ? ತ ಬಂದು ನಿಂತಿತು. ಊರಲ್ಲಿ ತ ಇಂದ ಶುರುವಾಗುವ ಮಾತು ಬೇಕಾದಷ್ಟಿವೆ ಎಂದು ಧೈರ್ಯ ತಂದುಕೊಂಡೆ. ಅದರ ಮೇಲೆ ಗುಡಿಸು ಬಂದು ಕೂತಿತು. ಆಮೇಲೆ ಪ್ಪ. ಧೈರ್ಯ ಹೋಯಿತು. ಒಂದು ಸಲ ಅವನ ಬೆರಳು ತಪ್ಪಿ ನಿ ಇರಬೇಕಾದ ಕಡೆ ನೀ ಆಯಿತು, ಅಳಿಸಿ ಮತ್ತೆ ಒಂದು ಸುತ್ತು ಕಾದ. ಟೇಲರ್ ಅಲ್ಲವೇ, ಹೊಲಿಗೆ ಡೊಂಕಾದರೆ ಬಿಚ್ಚದೆ ಬಿಡುವವನಲ್ಲ. ಕೊನೆಗೆ ಬರೆದದ್ದು: ತಿಪ್ಪ ನಿದ್ದಿ ಮಾಡಿದಿ.

ಅವನಿಗೆ ಯಾರೂ ಹೇಳಿರಲಾರರು ಎಂದುಕೊಂಡಿದ್ದೆ. ತೊಟ್ಟಿಲು ಮನೆಯವರಿಗೂ ನಾನು ಅಲ್ಲಿಂದ ಮಷಿನ್ ಕಡೆ ಹೋಗಬೇಕಾಗಿತ್ತೆಂದು ಗೊತ್ತಿರಲಿಲ್ಲ. ಅವನು ಮೂವತ್ತು ವರ್ಷ ನನ್ನ ಅಂಗಿಗೆ ಅಳತೆ ತೆಗೆದುಕೊಂಡವನು, ಅಷ್ಟೇ. ಒಂಬತ್ತು ಪರವೂರಿನವರು, ಒಬ್ಬಳು ನಿಂಬೆವ್ವ, ಎಲ್ಲರೂ ನನ್ನನ್ನು ನೋಡಿದರು. ನನ್ನ ಬಾಯಲ್ಲಿ ತಲೆದಿಂಬಿನ ಚೀಲದ ಸುಳ್ಳು ಸಿದ್ಧವಾಗಿ ಬಂದು ನಿಂತಿತ್ತು, ಸುಲಭದ ಸುಳ್ಳು, ಬಳಸಿ ಬಳಸಿ ನುಣುಪಾದದ್ದು. ಆದರೆ ಅವನು ಅಷ್ಟು ಅಕ್ಷರ ಕಾದು ಕಾದು ಹಿಡಿದದ್ದನ್ನು ನಾನು ಒಂದೇ ಉಸಿರಿನಲ್ಲಿ ಅಳಿಸುವುದು ಸರಿ ಕಾಣಲಿಲ್ಲ. ಹೌದು, ಮಲಗಿದ್ದೆ, ಎಂದೆ. ತುಪ್ಪ ಜಾಸ್ತಿಯಾಗಿತ್ತು ಎಂದೂ ಸೇರಿಸಿದೆ, ಅದೂ ನಿಜ.

"ಗೊತ್ತಿತ್ತು," ಎಂದಳು ನಿಂಬೆವ್ವ. "ಅವತ್ತು ನಿನ್ನ ಕೆನ್ನಿ ಮ್ಯಾಲೆ ಗ್ವಾಡಿ ಸುಣ್ಣ ಇತ್ತಂತ ಮೂರು ಮಂದಿ ಹೇಳಿದ್ರು. ನೀನಾಗಿ ಬಂದು ಹೇಳ್ಲಿ ಅಂತ ಕುಂತಿದ್ವಿ."

ನಾನು ಹೊಸ ಮಷಿನ್ ತಂದುಕೊಡುತ್ತೇನೆ ಎಂದೆ. ಮುರಿಗೆಪ್ಪ ಅದಕ್ಕೆ ಬೆರಳೆತ್ತಲಿಲ್ಲ, ಅವನಿಗೆ ಮಷಿನ್ ಇನ್ನೇತಕ್ಕೆ? ಮುಂದಿನ ಭಾನುವಾರದೊಳಗೆ ಅದೂ ಹೋಗುತ್ತಿತ್ತು. ನಾನು ಕಸುಬು ಬಿಡುತ್ತೇನೆ ಎಂದೆ. ಆಗ ಅಕ್ಷರಗಳು ಮತ್ತೆ ಹೊರಟವು. ದೀಪ ಹಚ್ಚುವ ಹೊತ್ತಾಯಿತು, ನಿಂಬೆವ್ವ ಹಚ್ಚಿ ತಂದಳು, ಬಸ್ಸು ಹಾರ್ನ್ ಹೊಡೆದು ಹೋಯಿತು, ಒಂಬತ್ತು ಜನರಲ್ಲಿ ಒಬ್ಬರೂ ಏಳಲಿಲ್ಲ. ಕಡ್ಡಿಯ ಎಷ್ಟು ಸಾಲು ಹೋಯಿತು ಎಂದು ಲೆಕ್ಕ ನೋಡುವುದೂ ಅವರಿಗೆ ಮರೆತುಹೋಗಿತ್ತು. ಅವನು ಬರೆದು ಮುಗಿಸಿದ: ಬಿಡಬ್ಯಾಡ. ಎಲ್ಲಾರಿಗೂ ಹೇಳು.

ಅಷ್ಟೇ ಅವನ ಶಿಕ್ಷೆ. ನನ್ನ ಕೈಗೆ ಸಾಮಾನು ಕೊಡಲು ಬಂದವರಿಗೆಲ್ಲ ಮೊದಲು ಇದನ್ನು ಹೇಳಬೇಕು, ಕೇಳಿದ ಮೇಲೂ ಕೊಡುವುದಾದರೆ ಅವರು ಕೊಡಲಿ. ಒಬ್ಬರಿಗೆ ತಪ್ಪಿಸಿದರೂ ಅವನಿಗೆ ಹೇಗೋ ಗೊತ್ತಾಗುತ್ತದೆ. ಈಗ ಅವನು ನಿಲ್ಲದೆ ಬರೆಯುತ್ತಾನೆ, ಶನಿವಾರ ಜನ ಅವನ ಕಿಟಕಿಗೆ ಹೋಗಿ ಕಾಲರಿನ ಅಳತೆ ಕೇಳಿಕೊಂಡು ಬರುತ್ತಾರೆ. ಆ ಕಂಪ್ಯೂಟರನ್ನು ಅವರು ಅಲ್ಲೇ ಬಿಟ್ಟುಹೋದರು. ಧನಂಜಯ ಮರುವರ್ಷ ಬಂದಾಗ ಎದ್ದು ನಿಂತು, ನಾನು ಎಂಟು ಸಾಲು ಸೇರಿಸಿದ್ದೇನೆ, ಎಂದು ತಲೆತಗ್ಗಿಸಿಕೊಂಡು ಹೇಳಿದ. ಅಳಿಸಲು ಇನ್ನೊಂದು ಬೇರೆ ದಾರಿ ಬೇಕೆಂದು ಮುರಿಗೆಪ್ಪ ಅವನಿಗೆ ಏಳು ದೂರು ಕಳಿಸಿದ್ದನಂತೆ. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸದಾನಂದನ ಪತ್ರ ಇನ್ನೂ ಬಂದಿಲ್ಲ. ವಿಶಾಲಾಕ್ಷಿ ಲೆಕ್ಕ ಹಾಕಿದ್ದಾಳೆ, ಇಷ್ಟು ಹೊತ್ತಿಗೆ ಅದು ಹನ್ನೆರಡೂವರೆ ಪುಟ ಆಗಿರಬೇಕು.

ಕಥೆ ಕೇಳಿ ಎದ್ದುಹೋದವರ ಮೇಲೆ ನನಗೆ ಸಿಟ್ಟಿಲ್ಲ. ಉಳಿದವರು ಕೀಲಿಕೈ ಕೊಡುವಾಗ ಒಂದು ಮಾತು ಹೆಚ್ಚಿಗೆ ಆಡುತ್ತಾರೆ, ಊಟ ಹಗುರ ಮಾಡು ತಿಪ್ಪಣ್ಣ, ಎನ್ನುತ್ತಾರೆ, ಅದು ಮೊದಲು ಯಾರೂ ಅಂದಿರಲಿಲ್ಲ. ಮಷಿನ್ ಹೋದದ್ದು ಬಿಟ್ಟರೆ ನನ್ನ ಕೈಯಲ್ಲಿ ಮತ್ತೇನೂ ಹೋಗಿಲ್ಲ. ಹೋಗಿಲ್ಲವೆಂದರೆ, ಎಲ್ಲ ಹೇಳು ಅಂದಿದ್ದಾನಲ್ಲ ಅವನು, ಹೋದ ತಿಂಗಳು ಅಂಚೆಯವರ ಗೋಡೆ ಗಡಿಯಾರದ್ದೊಂದು ಸಣ್ಣ ವಿಷಯವಿದೆ. ಅದರಲ್ಲಿ ನನ್ನ ತಪ್ಪು ಬಹಳ ಇಲ್ಲ. ನೀವು ಏಳಬೇಡಿ, ಗಂಟು ಕಂಕುಳಿಗೆ ಯಾಕೆ ಸಿಕ್ಕಿಸಿಕೊಂಡಿರಿ, ಅದನ್ನು ಕೇಳಿದರೆ ನಿಮಗೇ ತಿಳಿಯುತ್ತದೆ, ನಾನು ಆ ಶನಿವಾರ ಹೊತ್ತು ನೋಡಬೇಕೆಂದೇ ಮನೆಯಿಂದ ಹೊರಟವನು, ನಿಜವಾಗಿ ಹೊತ್ತು ಎಷ್ಟೆಂದು ಬೇಕಾಗಿತ್ತು ನನಗೆ, ದಾರಿಯಲ್ಲಿ ಗೌರಕ್ಕನ ಖಾನಾವಳಿಯ ಮುಂದೆ ಬಂದಾಗ ಒಳಗಿಂದ ತುಪ್ಪ ಕಾಯಿಸುವ